ಲುಡ್ವಿಕ್‌ನ ಒಂಬತ್ತು ಕಿಲೋಮೀಟರ್

ಫೆಬ್ರವರಿಯ ಕೊನೆಯ ಶನಿವಾರ ನಮ್ಮ ಪರ್ವತ ಸಂಘದ ವಾರ್ಷಿಕ ಸಭೆ ಇತ್ತು. ನಾನು ವರದಿ ಓದಿ ಮುಗಿಸಿದ್ದೆ. ಅಡುಗೆಮನೆಯಿಂದ ಬಾರ್ಲಿ ಸಾರಿನ ವಾಸನೆ ಬರತೊಡಗಿತ್ತು, ಎಲ್ಲರ ಕಣ್ಣೂ ಆ ಬಾಗಿಲ ಮೇಲೇ. ಆಗ ಲುಡ್ವಿಕ್ ಪೊದ್ಲೆಸ್ನಿಕ್ ಎದ್ದು ನಿಂತ. ಮಾರ್ಚ್‌ನಲ್ಲಿ ತನಗೆ ಕಾರ್ಖಾನೆಯಿಂದ ನಿವೃತ್ತಿ, ಜೂನ್ ಇಪ್ಪತ್ತಕ್ಕೆ ಮಾರಿಬೋರ್‌ನಿಂದ ಹೊರಟು ನಡೆದುಕೊಂಡೇ ಸಮುದ್ರ ಸೇರುತ್ತೇನೆ, ಮೂವತ್ತನಾಲ್ಕು ದಿನ ಹಿಡಿಯುತ್ತದೆ ಎಂದು ಹೇಳಿ ಕೂತುಬಿಟ್ಟ.

ದೇಶದ ಈ ತುದಿಯಿಂದ ಆ ತುದಿಗೆ ಹೋಗುವ ಆ ಕಾಲುದಾರಿ ಸ್ಲೊವೇನಿಯಾದಲ್ಲಿ ಯಾರಿಗೆ ಗೊತ್ತಿಲ್ಲ. ನಮ್ಮದು ದೊಡ್ಡ ದೇಶವೇನಲ್ಲ. ಕಾರಿನಲ್ಲಾದರೆ ಬೆಳಗಿನ ಕಾಫಿ ಇಲ್ಲಿ ಕುಡಿದು ಮಧ್ಯಾಹ್ನದ ಊಟಕ್ಕೆ ಸಮುದ್ರದ ದಡದಲ್ಲಿರಬಹುದು. ಆದರೆ ಈ ದಾರಿ ಸಿಕ್ಕ ಬೆಟ್ಟವನ್ನೆಲ್ಲ ಹತ್ತಿ ಇಳಿದು, ಸುತ್ತಿ ಬಳಸಿ ಆರುನೂರು ಕಿಲೋಮೀಟರ್ ಆಗುತ್ತದೆ. ಪುಟ್ಟ ಪುಸ್ತಕವೊಂದನ್ನು ಜೇಬಿನಲ್ಲಿಟ್ಟುಕೊಂಡು, ಪ್ರತಿ ತಂಗುಮನೆಯಲ್ಲೂ ಪ್ರತಿ ಶಿಖರದಲ್ಲೂ ಮೊಹರು ಒತ್ತಿಕೊಳ್ಳುತ್ತ ಹೋಗುತ್ತಾರೆ. ಕೆಲವರು ಒಂದೇ ಬೇಸಿಗೆಯಲ್ಲಿ ಮುಗಿಸುತ್ತಾರೆ, ಕೆಲವರಿಗೆ ಇಪ್ಪತ್ತು ವರ್ಷ ಬೇಕಾಗುತ್ತದೆ.

ಆ ದಾರಿಯ ಒಂಬತ್ತು ಕಿಲೋಮೀಟರ್ ನಮ್ಮ ಸಂಘದ ಪಾಲಿನದು. ಪೊಹೋರ್ಯೆ ಬೆಟ್ಟದ ನೆತ್ತಿಯ ಮೇಲೆ, ಎರಡು ತಂಗುಮನೆಗಳ ನಡುವೆ, ಪೂರ್ತಿ ಸೂಜಿಎಲೆಯ ಸ್ಪ್ರೂಸ್ ಮರಗಳ ಕಾಡು. ನಡೆಯುವವರಿಗೆ ದಾರಿ ತೋರಲು ಅಲ್ಲಿನ ಮರಗಳ ಮೇಲೆ ಕೆಂಪು ಉಂಗುರ ಬರೆದು ನಡುವೆ ಬಿಳಿ ಬೊಟ್ಟು ಇಡುವ ಕೆಲಸ ಮೂವತ್ತೊಂದು ವರ್ಷದಿಂದ ಲುಡ್ವಿಕ್‌ನದು. ಸಂಬಳವಿಲ್ಲದ ಕೆಲಸ. ಸಮುದ್ರಕ್ಕೆ ಹೊರಟವರು ಮೂರನೆಯ ದಿನ ಹಿಮ್ಮಡಿಯ ಗುಳ್ಳೆ ಒಡೆದುಕೊಂಡು ಅವನ ಕಾಡು ದಾಟುತ್ತಿದ್ದರು. ಅವನು ಬ್ರಷ್ ಎತ್ತಿ ಅವರಿಗೆ ದಾರಿ ಬಿಡುತ್ತಿದ್ದ, ಒಳ್ಳೆಯದಾಗಲಿ ಎನ್ನುತ್ತಿದ್ದ. ಅವರು ಪಶ್ಚಿಮಕ್ಕೆ ಹೋಗುತ್ತಿದ್ದರು, ಇವನು ಸಂಜೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದ. ಕಾರ್ಖಾನೆಯಲ್ಲಿ ಅವನದು ಕುಡುಗೋಲಿನ ಅಲಗಿಗೆ ಸಾಣೆ ಹಿಡಿಯುವ ಕೆಲಸ. ವರ್ಷಕ್ಕೆ ಸಿಗುವ ಎರಡು ವಾರದ ರಜೆ ಈ ಒಂಬತ್ತು ಕಿಲೋಮೀಟರಿಗೇ ಸರಿಹೋಗುತ್ತಿತ್ತು.

ನಾನು, ದಾರಿಂಕಾ, ಶಾಲೆಯಲ್ಲಿ ಅವನಿಗಿಂತ ಒಂದು ತರಗತಿ ಹಿಂದಿದ್ದವಳು. ಈಗ ಸಂಘದ ಕಾರ್ಯದರ್ಶಿ, ಊರಿನ ಗ್ರಂಥಾಲಯವೂ ನನ್ನದೇ. ಆದ್ದರಿಂದ ಆ ವಸಂತದಲ್ಲಿ ಅವನ ತಯಾರಿಯ ತಲೆನೋವೆಲ್ಲ ನನಗೆ ಬಂತು. ನಕ್ಷೆ ಕೊಡು ಎಂದು ಬರುತ್ತಿದ್ದ, ತಗೊಂಡು ಹೋದ ನಕ್ಷೆ ಹಳೆಯದು ಎಂದು ಮರುದಿನ ಬರುತ್ತಿದ್ದ. ಕೂರಲು ಹೇಳಿದರೆ ಕೂರುತ್ತಿರಲಿಲ್ಲ. ಬೆನ್ನಚೀಲಕ್ಕೆ ನಾಲ್ಕು ಇಟ್ಟಿಗೆ ತುಂಬಿಕೊಂಡು ಗ್ರಂಥಾಲಯದ ಮೆಟ್ಟಿಲು ಹತ್ತಿ ಇಳಿಯುತ್ತ, ಹತ್ತಿ ಇಳಿಯುತ್ತ ಅಲ್ಲಿಂದಲೇ ಕೇಳುತ್ತಿದ್ದ: ಸಾವಿನ್ಯಾ ಕಡೆಯ ಆಲ್ಪ್ಸ್‌ನಲ್ಲಿ ಜೂನ್ ಕೊನೆಗೆ ಹಿಮ ಕರಗಿರುತ್ತದಾ, ಉಕ್ಕಿನ ಹಗ್ಗ ಹಿಡಿದು ಹತ್ತುವ ಕಡೆ ಹೆಲ್ಮೆಟ್ ಬೇಕಾ, ಇಂಥ ತಂಗುಮನೆಯವರು ಫೋನ್ ಯಾಕೆ ಎತ್ತುವುದಿಲ್ಲ.

ಮನೆಯಲ್ಲಿ ಊಟದ ಮೇಜಿನ ತುಂಬ ನಕ್ಷೆ ಹರಡಿತ್ತು. ಗಂಡ ಹೆಂಡತಿ ಏಪ್ರಿಲ್ ತಿಂಗಳೆಲ್ಲ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಅವನು ಕಾಲ್ಚೀಲವನ್ನೂ ಅಡುಗೆ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದ. ಹಲ್ಲುಜ್ಜುವ ಬ್ರಷ್‌ನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ. ಹತ್ತೊಂಬತ್ತನೆಯ ದಿನವನ್ನು ಎರಡಾಗಿ ಒಡೆದ, ಮರುದಿನ ಮತ್ತೆ ಕೂಡಿಸಿದ. ಅವನ ಹೆಂಡತಿ ಸ್ಲಾವಿತ್ಸಾ ಬೇಕರಿಯಲ್ಲಿ ಸಿಕ್ಕಾಗ ನಾನು ಹೇಗಿದ್ದಾನೆ ಎಂದು ಕೇಳಿದೆ.

"ಇನ್ನೂ ಮನೆ ಬಿಟ್ಟಿಲ್ಲ, ಆಗ್ಲೇ ಮೂರು ಸಲ ಸಮುದ್ರ ನೋಡ್ಕೊಂಡು ಬಂದಿದಾನೆ," ಎಂದಳು. "ಹೋದ್ರೆ ಸಾಕು ದಾರಿಂಕಾ. ನಂಗೆ ನನ್ನ ಮೇಜು ವಾಪಸ್ ಸಿಕ್ರೆ ಸಾಕು."

ಅವನ ದಿನಗಳ ಪಟ್ಟಿಯನ್ನು ನಾನೇ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟೆ. ಪ್ರತಿ ದಿನದ ಎದುರೂ ಎಷ್ಟು ಗಂಟೆಗೆ ಏಳುವುದು, ಎಲ್ಲಿ ನೀರು, ಎಲ್ಲಿ ಬ್ರೆಡ್ಡು ಕೊಳ್ಳುವುದು, ಸಿಡಿಲು ಬಂದರೆ ಎಲ್ಲಿಗೆ ಇಳಿಯುವುದು ಎಲ್ಲ ಇತ್ತು. ಮೂರನೆಯ ದಿನದ ಎದುರು ಏನೂ ಇರಲಿಲ್ಲ. ಬಿಟ್ಟುಹೋಗಿದೆಯಲ್ಲ ಎಂದೆ. ಅದು ನನ್ನ ಕಾಡು, ಅದಕ್ಕೇನು ಬರೆಯುವುದು ಎಂದ.

ಮೇ ಇಪ್ಪತ್ತೊಂಬತ್ತರ ಶುಕ್ರವಾರ ಮಧ್ಯಾಹ್ನ ಉತ್ತರದಿಂದ ಗಾಳಿ ಎದ್ದಿತು. ಅರ್ಧ ಗಂಟೆಯೂ ಬೀಸಲಿಲ್ಲ. ಕೆಳಗೆ ಊರಿನಲ್ಲಿ ಕೆಲವು ಹಂಚು ಹಾರಿದವು, ಅಷ್ಟೇ. ಶನಿವಾರ ಬೆಳಿಗ್ಗೆ ಮೇಲಿನ ತಂಗುಮನೆಯಾಕೆ ಫೋನ್ ಮಾಡಿ, ಯಾರಾದರೂ ಬಂದು ನೋಡಿ, ನನಗೆ ಹೇಳಲು ಬರುತ್ತಿಲ್ಲ ಎಂದಳು. ನಾನು, ಲುಡ್ವಿಕ್ ಇಬ್ಬರೂ ಹೋದೆವು.

ಒಂಬತ್ತರಲ್ಲಿ ಆರು ಕಿಲೋಮೀಟರ್ ಕಾಡು ಮಲಗಿತ್ತು. ಮರಗಳು ಬೇರು ಸಮೇತ ಕಿತ್ತು ಒಂದರ ಮೇಲೊಂದು ಬಿದ್ದಿದ್ದವು. ಬೇರಿನ ಮಣ್ಣು ಇನ್ನೂ ಉದುರುತ್ತಿತ್ತು. ಎಂದೂ ಬಿಸಿಲು ಕಾಣದ ನೆಲದ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಅಲ್ಲಲ್ಲಿ ಲುಡ್ವಿಕ್‌ನ ಕೆಂಪು ಉಂಗುರಗಳು ಆಕಾಶ ನೋಡುತ್ತಿದ್ದವು, ಕೆಲವು ಕೆಸರಿಗೆ ಮುಖ ಮಾಡಿದ್ದವು. ಅವನು ಒಂದು ದಿಮ್ಮಿಯ ಮೇಲೆ ಕೂತು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ನಾನು ಫೋಟೋ ತೆಗೆಯುತ್ತಿದ್ದೆ.

ಜೂನ್ ಎರಡಕ್ಕೆ ತುರ್ತು ಸಭೆ ಕರೆದೆವು. ಸಮುದ್ರಕ್ಕೆ ಹೊರಟವರು ಆಗಲೇ ದಾರಿಯಲ್ಲಿದ್ದರು. ದಿಮ್ಮಿಗಳನ್ನು ಸಾಗಿಸಲು ಎರಡು ವರ್ಷವಾದರೂ ಬೇಕು, ಅಲ್ಲಿಯವರೆಗೆ ಕೆಳಗಿನ ಇಳಿಜಾರಿನಲ್ಲಿ ಬಳಸುದಾರಿ ಹುಡುಕಿ ಗುರುತು ಹಾಕಬೇಕಿತ್ತು. ಯಾರೂ ಹೆಸರೆತ್ತಲಿಲ್ಲ, ಆದರೆ ಎಲ್ಲರೂ ಲುಡ್ವಿಕ್‌ನ ಕಡೆಗೇ ತಿರುಗಿ ಕೂತಿದ್ದರು. ಅವನು ಪ್ರವಾಸ ಮುಂದೂಡುತ್ತಾನೆ ಎಂದು ನಾನೂ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಅದನ್ನು ಅವನ ಬಾಯಿಂದ ಹೇಳಿಸುವುದು ಕಾರ್ಯದರ್ಶಿಯ ಕೆಲಸ.

"ಲುಡ್ವಿಕ್," ಎಂದೆ, "ಈ ಒಂದು ವರ್ಷ..."

"ಇಲ್ಲ," ಎಂದ.

"ಪೂರ್ತಿ ಕೇಳಪ್ಪ."

"ಕೇಳೋದೇನಿದೆ. ಆ ಸಲ ಮಂಜು ಗಡ್ಡೆಕಟ್ಟಿ ಮರ ಮುರಿದಾಗ ಒಂದು ವರ್ಷ ಅಂದ್ರಿ. ಅಮ್ಮ ಹಾಸಿಗೆ ಹಿಡಿದಾಗ ನಾನೇ ಒಂದು ವರ್ಷ ಅಂದ್ಕೊಂಡೆ, ಅದು ಆರು ವರ್ಷ ಆಯ್ತು. ನನ್ನ ಮಂಡಿಗೆ ಈಗ ಅರವತ್ತೆರಡು, ದಾರಿಂಕಾ. ಅದಕ್ಕೆ ಮುಂದಿನ ವರ್ಷ ಅಂದ್ರೆ ಅರ್ಥ ಆಗಲ್ಲ."

ಹಾಗಾದರೆ ಯಾರು ಎಂದು ಅಧ್ಯಕ್ಷರು ಕೇಳಿದರು. ಹಿಂದಿನ ಸಾಲಿನಿಂದ ಯೆರ್ನೇಯಾ ಕೈ ಎತ್ತಿದಳು.

ಯೆರ್ನೇಯಾ ಸಮುದ್ರದ ಕಡೆಯವಳು. ಕೋಪರ್‌ನಲ್ಲಿ ಹುಟ್ಟಿ ನಮ್ಮೂರಿಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ಮರ ಕಡಿಯುವ ದೊಡ್ಡ ಯಂತ್ರ ಓಡಿಸುತ್ತಾಳೆ. ಸಂಘಕ್ಕೆ ಸೇರಿ ಒಂದೇ ವರ್ಷ. ಮುಂದೆ ಕೂತಿದ್ದ ಮುದುಕನೊಬ್ಬ, ಉಪ್ಪುನೀರಿನವಳು ಕಾಡಿಗೆ ಬಣ್ಣ ಬಳಿಯುತ್ತಾಳಂತೆ, ದೋಣಿ ಕಟ್ಟಲು ಗೂಟವನ್ನೂ ಹುಗಿಯುತ್ತೀಯಾ ಎಂದು ಕಿಚಾಯಿಸಿದ.

"ಹುಗೀತೀನಿ," ಎಂದಳು. "ನಿಮ್ಮ ಹೊಲದ ಕೆಸರು ನೋಡಿದ್ರೆ ದೋಣಿ ಬೇಕಾಗೋ ಹಾಗೇ ಇದೆ."

ಎಲ್ಲರೂ ನಕ್ಕರು. ಲುಡ್ವಿಕ್ ನಗಲಿಲ್ಲ. ಮರುದಿನ ಬೆಳಿಗ್ಗೆ ಬಣ್ಣದ ಡಬ್ಬಿ, ಬ್ರಷ್ಷು, ತೊಗಟೆ ಕೆರೆಯುವ ಕತ್ತಿ ಎಲ್ಲವನ್ನೂ ಅವಳ ಮನೆ ಬಾಗಿಲಲ್ಲಿಟ್ಟು, ಬೆಲ್ ಒತ್ತದೆ ಬಂದುಬಿಟ್ಟ.

ಆಮೇಲಿನ ಎರಡು ವಾರ ಅವನನ್ನು ನೋಡಲಾಗುತ್ತಿರಲಿಲ್ಲ. ಮೇಲಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ. ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ಬರುತ್ತಿದ್ದ, ಬೆಟ್ಟದ ಬಸ್ಸು ಬಂದು ಹೋಗುವುದನ್ನು ನೋಡುತ್ತಿದ್ದ, ತಿರುಗಿ ಹೋಗುತ್ತಿದ್ದ. ಒಂದು ದಿನ ಗ್ರಂಥಾಲಯಕ್ಕೆ ಬಂದು ಪಟ್ಟಿಯನ್ನು ತಲೆಕೆಳಗು ಮಾಡಿಕೊಡು ಎಂದ. ಸಮುದ್ರದಿಂದಲೇ ಹೊರಟರೆ ನಮ್ಮ ಕಾಡು ಮೂವತ್ತೆರಡನೆಯ ದಿನಕ್ಕೆ ಬರುತ್ತದೆ, ಅಷ್ಟರಲ್ಲಿ ಅಲ್ಲಿ ಏನಾಗಬೇಕೋ ಅದು ಆಗಿರುತ್ತದೆ ಎಂದು ಅವನ ಲೆಕ್ಕ. ಮೂವತ್ತನಾಲ್ಕು ದಿನಗಳನ್ನೂ ಹಿಂದುಮುಂದು ಮಾಡಿ ಟೈಪ್ ಮಾಡಿಕೊಟ್ಟೆ. ತಂಗುಮನೆಗಳಿಗೆಲ್ಲ ಮತ್ತೆ ಫೋನ್ ಮಾಡಿ ತಾರೀಖು ಬದಲಿಸಿದ. ನಾಲ್ಕು ದಿನದ ಮೇಲೆ ಬಂದು, ಇಲ್ಲ, ಸಮುದ್ರದ ಕಡೆಯ ಸುಣ್ಣದಕಲ್ಲಿನ ಬಯಲಲ್ಲಿ ಈಗ ವಿಪರೀತ ಸೆಕೆ, ಮೊದಲಿದ್ದ ಹಾಗೇ ಇರಲಿ ಎಂದ.

"ಲುಡ್ವಿಕ್, ಮೂರನೇ ದಿನವನ್ನ ಬಸ್ಸಲ್ಲಿ ದಾಟಿಬಿಡು," ಎಂದೆ. ನನಗೂ ಸಾಕಾಗಿತ್ತು.

ಅವನು ನನ್ನ ಮುಖವನ್ನೇ ನೋಡಿದ. "ಹೌದಲ್ಲ. ಯಾರೂ ಬೇಡ ಅನ್ನಲ್ಲ ಅಲ್ವಾ," ಎಂದು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡ. ಅಂದು ಮನೆಗೆ ಹೋದ ಮೇಲೆ ಆ ಮಾತು ಆಡಬಾರದಿತ್ತು ಅನ್ನಿಸಿತು.

ಹತ್ತೊಂಬತ್ತನೆಯ ತಾರೀಖು ಮೊಣಕಾಲು ಸರಿಯಿಲ್ಲ, ಹವಾಮಾನವೂ ಸರಿಯಿಲ್ಲ, ಒಂದು ವಾರ ನೋಡೋಣ ಎಂದನಂತೆ. ಸ್ಲಾವಿತ್ಸಾ ಮೇಜಿನ ಮೇಲಿನ ನಕ್ಷೆಗಳನ್ನು ಒಂದೊಂದಾಗಿ ಮಡಚಿ ಅವನ ಚೀಲಕ್ಕೆ ತುಂಬಿದಳು. ಮೇಜಿಗೆ ಬಟ್ಟೆ ಹಾಸಿದಳು. ಒಂದೇ ತಟ್ಟೆ ಇಟ್ಟಳು.

ಇಪ್ಪತ್ತರ ಬೆಳಿಗ್ಗೆ ಮಾರಿಬೋರ್‌ನ ಬಸ್ಸಿಗೆ ಅವನು ಹತ್ತಿದ್ದನ್ನು ನಾನೇ ನೋಡಿದೆ. ಕೈ ಬೀಸಿದೆ. ಅವನು ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ, ನೋಡಲಿಲ್ಲ.

ಮುಂದಿನದನ್ನು ಅವನು ನನಗೆ ಹೇಳಿದ್ದು ಬಹಳ ಆಮೇಲೆ. ಹೇಳುವಾಗಲೂ ಅತ್ತಿಂದಿತ್ತ ನಡೆಯುತ್ತಲೇ ಹೇಳಿದ.

ಮೊದಲ ಎರಡು ದಿನ ಏನೂ ತೊಂದರೆಯಾಗಲಿಲ್ಲ. ಮೂರನೆಯ ದಿನ ಬೆಟ್ಟದ ಮೇಲೆ ದಟ್ಟ ಮಂಜು. ಎಂಟೂವರೆಗೆ ತನ್ನ ಪಾಲಿನ ದಾರಿ ಶುರುವಾಗುವ ಜಾಗಕ್ಕೆ ಬಂದ. ಬಿದ್ದ ಮರಗಳ ಅಂಚಿನಲ್ಲಿ ಹೊಸ ಹಲಗೆ, ಅದರ ಮೇಲೆ ಎಡಕ್ಕೆ ಇಳಿಯುವ ಬಾಣ. ಬಾಣವನ್ನು ನೋಡಿದ. ನೋಡಿಯೂ ನೇರಕ್ಕೆ ಹೋದ. ಈ ಬೆಟ್ಟದಲ್ಲಿ ತನಗೆ ಬಾಣ ತೋರಿಸುವವರು ಯಾರು ಎಂದು ಅನ್ನಿಸಿತಂತೆ.

ದಿಮ್ಮಿಗಳ ಮೇಲೆ ಹತ್ತಿದ, ಕೆಳಗೆ ನುಸುಳಿದ. ಚೀಲ ಕೊಂಬೆಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಹತ್ತು ನಿಮಿಷದಲ್ಲಿ ಆ ಎರಡು ಕವಲಿನ ಮರ ಸಿಗಬೇಕು ಎಂದುಕೊಂಡ. ಸಿಗಲಿಲ್ಲ. ಸಿಕ್ಕರೂ ಗುರುತು ಹಿಡಿಯುವುದು ಹೇಗೆ, ಎಲ್ಲವೂ ಮಲಗಿವೆ. ಅವನು ದಾರಿ ಗುರುತಿಟ್ಟುಕೊಂಡಿದ್ದೇ ಮರಗಳಿಂದ. ಬಲಕ್ಕೆ ಏರು ಇರಬೇಕಿತ್ತು, ಕಾಲಿಗೆ ಇಳಿಜಾರು ಸಿಕ್ಕಿತು. ತಿರುಗಿದ. ಬಂದ ದಿಕ್ಕೂ ಕಾಣಲಿಲ್ಲ. ಒಂದು ದಿಮ್ಮಿಯ ಒದ್ದೆ ತೊಗಟೆ ಸಿಪ್ಪೆಯ ಹಾಗೆ ಕಳಚಿಕೊಂಡಿತು, ಅವನು ಬೇರು ಕಿತ್ತ ಆಳುದ್ದದ ಗುಂಡಿಗೆ ಬಿದ್ದ. ಎಡ ಮಣಿಕಟ್ಟು ತಿರುಚಿತು, ಪ್ಯಾಂಟು ತೊಡೆಯವರೆಗೆ ಹರಿಯಿತು.

ಗುಂಡಿಯಲ್ಲಿ ಕೂತು ಗಡಿಯಾರ ನೋಡಿಕೊಂಡ. ಬಂದು ಎರಡು ಗಂಟೆಯಾಗಿತ್ತು. ಫೋನ್ ತೆಗೆದರೆ ಸಿಗ್ನಲ್ ಇತ್ತು. ಪಾರುಗಾಣಿಕಾ ದಳಕ್ಕೆ ಫೋನ್ ಮಾಡಿ, ನಾನು ಲುಡ್ವಿಕ್ ಪೊದ್ಲೆಸ್ನಿಕ್, ನನ್ನ ಒಂಬತ್ತು ಕಿಲೋಮೀಟರಿನೊಳಗೆ ದಾರಿ ತಪ್ಪಿದ್ದೇನೆ ಎಂದು ಹೇಗೆ ಹೇಳುವುದು. ಫೋನ್ ಒಳಗಿಟ್ಟ. ಒಂದೇ ಕೈಯಲ್ಲಿ ಬೇರು ಹಿಡಿದು ಹೇಗೋ ಮೇಲೆ ಬಂದ. ನೀರಿನ ಸದ್ದು ಕೇಳಿದ ಕಡೆಗೆ ಇಳಿಯುತ್ತ ಹೋದ. ಅರ್ಧ ಗಂಟೆಯ ಮೇಲೆ ನಿಂತಿರುವ ಮರವೊಂದು ಮಂಜಿನಲ್ಲಿ ಕಂಡಿತು, ಬೀಚ್ ಎಂಬ ಅಗಲ ಎಲೆಯ ಮರ. ಅದರ ಮೇಲೆ ಕೆಂಪು ಉಂಗುರ, ನಡುವೆ ಬಿಳಿ ಬೊಟ್ಟು. ಬೊಟ್ಟು ಇರಬೇಕಾದ್ದಕ್ಕಿಂತ ದೊಡ್ಡದಾಗಿತ್ತು, ಕೆಂಪು ಒಂದು ಕಡೆ ಕಣ್ಣೀರಿನ ಹಾಗೆ ಇಳಿದಿತ್ತು.

ಅವನು ಹೋಗಿ ಮರಕ್ಕೆ ಕೈ ಕೊಟ್ಟು ನಿಂತುಬಿಟ್ಟ. "ಮೂವತ್ತೊಂದು ವರ್ಷದಲ್ಲಿ ಒಂದ್ ದಿನಾನೂ ನಾನು ಗುರುತು ಹುಡುಕಿರ್ಲಿಲ್ಲ ದಾರಿಂಕಾ," ಎಂದು ನನಗೆ ಹೇಳಿದ. "ಹಾಕ್ತಿದ್ದೆ, ಅಷ್ಟೇ."

ಅಲ್ಲಿಂದ ಮುಂದೆ ಅವನು ಆ ಗುರುತುಗಳನ್ನು ಹಿಡಿದು ನಡೆದ. ಮೊದಲು ತಪ್ಪು ಹುಡುಕುತ್ತಲೇ ನಡೆದ. ಇಲ್ಲೊಂದು ಇರಬೇಕಿತ್ತು, ಇಲ್ಲವಲ್ಲ ಎಂದುಕೊಳ್ಳುವನು. ಹತ್ತು ಹೆಜ್ಜೆ ಮುಂದೆ, ದಾರಿ ತಪ್ಪಿತೇ ಎಂದು ಕಾಲು ತಡೆಯುವ ತಿರುವಿನಲ್ಲಿ, ಅದು ಎದುರಿಗೇ ಇರುತ್ತಿತ್ತು. ಕವಲುದಾರಿ ಬಂದ ಕಡೆ ಒಂದಲ್ಲ, ಎರಡು. ತಪ್ಪು ಕವಲಿನ ಮೇಲೆ ಅಡ್ಡ ಕೊಂಬೆ. ತನ್ನ ದಾರಿಯಲ್ಲಿ ಹಳೆಯ ಕಲ್ಲುಗಣಿಯ ಬಳಿಯ ಕವಲಿನಲ್ಲಿ ದಾರಿ ತಪ್ಪಿತು ಎಂದು ವರ್ಷಕ್ಕೆ ನಾಲ್ಕೈದು ಜನ ತಂಗುಮನೆಯ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ನೆನಪಾಯಿತು. ಕಣ್ಣು ಬಿಟ್ಟು ನಡೆಯಿರಿ ಎಂದು ಅವನು ಕೆಳಗೆ ಉತ್ತರ ಬರೆಯುತ್ತಿದ್ದ. ಆ ಉತ್ತರಗಳನ್ನು ನಾನೂ ಓದಿ ನಕ್ಕಿದ್ದೆ.

ಹಳ್ಳ ದಾಟುವ ಕಡೆ ಯೆರ್ನೇಯಾ ಡಬ್ಬಿ ಹಿಡಿದು ಬಂಡೆಯೊಂದಕ್ಕೆ ಬಣ್ಣ ಹಚ್ಚುತ್ತಿದ್ದಳು. ಮಂಜಿನ ದಿನ ಯಂತ್ರ ಓಡಿಸುವಂತಿಲ್ಲ, ಹಾಗಾಗಿ ಬೆಳಿಗ್ಗೆಯೇ ಬಂದಿದ್ದಳು. ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ನಮ್ಮಲ್ಲಿ ಯಾರೂ ಯಾರನ್ನೂ ಬಹುವಚನದಲ್ಲಿ ಕರೆಯುವುದಿಲ್ಲ. ಊರಿನಲ್ಲಿ ಅವನಿಗೆ ನೀವು ತಾವು ಎನ್ನುತ್ತಿದ್ದವಳು ಅವನ ಹರಿದ ಪ್ಯಾಂಟು, ಕೆಸರು, ಊದಿದ ಮಣಿಕಟ್ಟು ಎಲ್ಲವನ್ನೂ ನೋಡಿದಳು.

"ಬಾಣ ಕಾಣ್ಲಿಲ್ವಾ ನಿಂಗೆ?"

"ಕಾಣ್ತು."

ಅವಳು ಹಳ್ಳದ ತಣ್ಣೀರಿನಲ್ಲಿ ಅವನ ಕೈ ಅದ್ದಿಸಿ, ತನ್ನ ತಲೆವಸ್ತ್ರದಿಂದ ಬಿಗಿಯಾಗಿ ಕಟ್ಟಿದಳು. ಬ್ರೆಡ್ಡು, ಹೊಗೆಯಲ್ಲಿ ಒಣಗಿಸಿದ ಮಾಂಸ ಕತ್ತರಿಸಿ ಕೊಟ್ಟಳು. ಅವನು ನಿಂತೇ ತಿಂದ.

"ಮೇಲಿನ ಬೀಚ್ ಮರದ್ದು," ಎಂದ. "ಬಿಳಿ ಜಾಸ್ತಿ ಆಗಿದೆ. ಸೋರಿದೆ ಬೇರೆ."

"ಮೊದಲನೇದು ಅದು. ಬ್ರಷ್ ಜಾಸ್ತಿ ಅದ್ದಿಬಿಟ್ಟಿದ್ದೆ. ಕೆರೆದು ಮತ್ತೆ ಹಾಕ್ತೀನಿ ಬಿಡು."

"ಬೇಡ," ಎಂದ ಲುಡ್ವಿಕ್. "ಮಂಜಲ್ಲಿ ನಂಗೆ ಕಂಡಿದ್ದು ಅದೊಂದೇ."

ಅವಳು ತಲೆ ತಗ್ಗಿಸಿ ಬ್ರಷ್ ಅದ್ದಿದಳು. ಕಿವಿ ಕೆಂಪಾಗಿತ್ತು ಎಂದು ಅವನು ಹೇಳಿದ. ಒಂದು ಉಂಗುರ ನೀನೇ ಹಾಕಿ ಹೋಗು ಎಂದು ಬ್ರಷ್ ಮುಂದೆ ಹಿಡಿದಳು. ಅವನು ಒಂದು ಕ್ಷಣ ನೋಡಿ, ತಡವಾಗಿದೆ, ಸಾರು ಖಾಲಿಯಾಗುವುದರೊಳಗೆ ತಂಗುಮನೆ ಸೇರಬೇಕು ಎಂದು ಹಳ್ಳ ದಾಟಿದ.

ಅವನ ಪಟ್ಟಿ ಅಲ್ಲಿಂದ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಸ್ಲೋವೆನ್ ಗ್ರಾದೆತ್ಸ್‌ಗೆ ಇಳಿದು ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಹಾಕಿಸಿಕೊಂಡ, ಎರಡು ದಿನ ಹೋಯಿತು. ಎತ್ತರದ ಆಲ್ಪ್ಸ್‌ನ ಎರಡು ಶಿಖರಗಳ ನಡುವಿನ ಸಂದಿಯಲ್ಲಿ ಹಿಮ ಇನ್ನೂ ಗಟ್ಟಿಯಾಗಿತ್ತು, ಒಂದು ಕೈಯಲ್ಲಿ ಉಕ್ಕಿನ ಹಗ್ಗ ಹಿಡಿಯಲಾಗದು ಎಂದು ಕಣಿವೆಗಿಳಿದು ಸುತ್ತಿಬಂದ, ಮೂರು ದಿನ ಹೋಯಿತು. ಮೊದಮೊದಲು ದಿನಕ್ಕೆರಡು ಸಲ ನನಗೆ ಫೋನ್ ಮಾಡಿ ಪಟ್ಟಿ ತಿದ್ದಿಸುತ್ತಿದ್ದ. ಆಮೇಲೆ ವಾರಕ್ಕೊಮ್ಮೆ ಮಾಡಿದ, ಆಗಲೂ ಪಟ್ಟಿಯ ಮಾತೆತ್ತಲಿಲ್ಲ. ಸೋಚಾ ನದಿಯ ಮೇಲಿನ ಯಾವುದೋ ಹುಲ್ಲುಗಾವಲಲ್ಲಿ ಹಸುಗಳ ನಡುವೆ ಮಲಗಿ ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ ಎಂದು ಹೇಳಿದಾಗ ನಾನು ಸ್ಲಾವಿತ್ಸಾಗೆ ಫೋನ್ ಮಾಡಿ ತಿಳಿಸಿದೆ. ಅವಳು ನಂಬಲಿಲ್ಲ.

ನಲವತ್ತೆರಡನೆಯ ದಿನ, ಜುಲೈ ಕೊನೆಯ ತಾರೀಖು, ಉರಿಬಿಸಿಲಿನಲ್ಲಿ ದಾರಿಯ ಕೊನೆಯ ಊರು ಅಂಕರಾನ್ ತಲುಪಿದ. ಬೂಟು ಬಿಚ್ಚಿ, ಮಕ್ಕಳೂ ಬಣ್ಣದ ಛತ್ರಿಗಳೂ ತುಂಬಿದ್ದ ದಡದಲ್ಲಿ ಮೊಣಕಾಲವರೆಗೆ ನೀರಿಗಿಳಿದ. ಐದು ನಿಮಿಷ ನಿಂತ. ಸಾಕೆನಿಸಿ ಬಸ್ಸಿನ ವೇಳೆ ಕೇಳಲು ಹೊರಟ.

ಮನೆಗೆ ಬಂದ ಮೇಲೆ ಒಂದೆಡೆ ನಿಲ್ಲುತ್ತಾನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸೆಪ್ಟೆಂಬರಿನಲ್ಲಿ ಹನ್ನೊಂದು ಪುಟದ ವರದಿ ತಂದು ನನ್ನ ಮುಂದಿಟ್ಟ. ಆರುನೂರು ಕಿಲೋಮೀಟರಿನಲ್ಲಿ ಹೊಸಬರು ಎಲ್ಲೆಲ್ಲಿ ದಾರಿ ತಪ್ಪಬಹುದು ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಹಳೆಯ ಕಲ್ಲುಗಣಿಯ ಕವಲನ್ನು ಮೊದಲನೆಯದಾಗಿ ಬರೆದಿದ್ದ. ಅದನ್ನು ಆಯಾ ಸಂಘಗಳಿಗೆ ಕಳಿಸಿದೆವು. ಎರಡು ಸಂಘದವರು ಸಿಟ್ಟಿನಿಂದ ಉತ್ತರ ಬರೆದರು, ಒಬ್ಬರು ಧನ್ಯವಾದ ಹೇಳಿದರು. ಆ ಒಬ್ಬರು ಮರುವಸಂತದಲ್ಲಿ ಅವನನ್ನು ಕರೆಸಿಕೊಂಡು, ನಮ್ಮ ಬೆಟ್ಟ ನಿಮಗೆ ಗೊತ್ತಿಲ್ಲವಲ್ಲ, ನಕ್ಷೆಯಿಲ್ಲದೆ ನಡೆದು ನೋಡಿ, ಎಲ್ಲಿ ತಪ್ಪುತ್ತೀರೋ ಹೇಳಿ ಎಂದರು. ಆಮೇಲೆ ಇನ್ನೊಬ್ಬರು ಕರೆದರು. ಈಗ ತಿಂಗಳಿಗೆರಡು ಸಲ ಹೊರಡುತ್ತಾನೆ. ನಮ್ಮ ಒಂಬತ್ತು ಕಿಲೋಮೀಟರ್ ಯೆರ್ನೇಯಾಳದು. ಅಲ್ಲಿಗೆ ಮಾತ್ರ ಅವನನ್ನು ಕಳಿಸಿ ಪ್ರಯೋಜನವಿಲ್ಲ, ಆ ಕಾಡು ಮತ್ತೆ ಅವನಿಗೆ ಬಾಯಿಪಾಠವಾಗಿದೆ.

ಮೊನ್ನೆ ಗುರುವಾರ ನಾನು ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಫೋನ್ ಬಂತು. ಹಿಂದೆ ಗಾಳಿಯ ಸದ್ದು, ಯಾವುದೋ ನಾಯಿ ಬೊಗಳುತ್ತಿತ್ತು.

"ದಾರಿಂಕಾ, ಬರ್ಕೋ," ಎಂದ. "ಎರಡನೇ ಬೇಲಿಬಾಗಿಲು ದಾಟಿದ ಮೇಲೆ ಗುರುತು ಇಲ್ಲ. ಅಲ್ಲಿಂದ ತಪ್ಪಿದ್ದು, ಒಂದೂವರೆ ಗಂಟೆ ಆಯ್ತು. ಈಗ ಯಾವ್ದೋ ಊರಿನ ಬಸ್ ಸ್ಟಾಪಲ್ಲಿದೀನಿ."

ಯಾವ ಊರು ಎಂದು ಕೇಳಿದೆ. ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ, ನೀನು ಬರೆದುಕೋ ಎಂದ. ಅವನ ದನಿಯಲ್ಲಿ ಅಷ್ಟು ಸಂತೋಷ ನಾನು ಅದುವರೆಗೆ ಕೇಳಿರಲಿಲ್ಲ.